ಕುದುರೆ, ಸವಾರ, ನೆಲ

ವಡೋದರ ನಗರದಲ್ಲಿ ರೇಸ್ ಕೋರ್ಸ್ ಎಂಬ ಹೆಸರನ್ನು ಹೊತ್ತ ಒಂದು ರಸ್ತೆಯೂ ಒಂದು ವೃತ್ತವೂ ಇವೆ. ರಾಜಕೋಟೆಯಲ್ಲಿ ಅದೇ ಹೆಸರಿನ ವಿಶಾಲವಾದ ಮೈದಾನವನ್ನು ಸುತ್ತುವರಿದ ವರ್ತುಲ ರಸ್ತೆಯಲ್ಲಿ ಸಾಯಂಕಾಲವಾಯಿತೆಂದರೆ ನಗರವಾಸಿಗಳು ಸಂಸಾರಸಮೇತರಾಗಿ ಅಡ್ಡಾಡುತ್ತಾರೆ. ಆದರೆ ಈ ಎರಡು ಸ್ಥಳಗಳಲ್ಲಿ ಯಾವುದರಲ್ಲಿಯೂ ಇಂದು ಕುದುರೆಗಳು ಪಂದ್ಯಕ್ಕೆ ಓಡುವುದಿಲ್ಲ. ಬೆಂಗಳೂರು, ಮೈಸೂರು, ಮುಂಬಯಿ, ಪುಣೆ, ಹೈದರಾಬಾದು, ಕೋಲ್ಕತ್ತ ಮೊದಲಾದ ನಗರಗಳಲ್ಲಿರುವಂತೆ ನಿಯಮಬದ್ಧವಾಗಿ ಓಟಗಳನ್ನು ನಡೆಸುವ ಟರ್ಫ್ ಕ್ಲಬ್ಬು ಗುಜರಾತ ರಾಜ್ಯದಲ್ಲಿ ಒಂದೂ ಇಲ್ಲ. ಅಹಮದಾಬಾದಿನ, ವಡೋದರದ, ಸೂರತಿನ ರೇಸುಪ್ರಿಯನು ಓಟವನ್ನು ಕಣ್ಣಾರೆ ನೋಡಬೇಕೆಂದು ಬಯಸಿದರೆ ರಾತ್ರಿಯ ಗುಜರಾತ್ ಮೇಲನ್ನೋ, ಸೂರತಿನಿಂದ ಹೊರಡುವ ಫ್ಲೈಯಿಂಗ್ ರಾಣಿ ರೈಲನ್ನೋ ಹಿಡಿದು, ಅಹಮದಾಬಾದಿನಿಂದಾದರೆ ಸುಮಾರು 490, ವಡೋದರದಿಂದ 390, ಸೂರತಿನಿಂದ 260 ಕಿಲೋಮೀಟರುಗಳಷ್ಟು ದೂರ ದಕ್ಷಿಣಕ್ಕೆ ಪ್ರಯಾಣಮಾಡಿ ಮುಂಬಯಿಯನ್ನು ಸೇರಬೇಕು; ಮುಂಬಯಿ ಸೆಂಟ್ರಲ್ ನಿಲ್ದಾಣಕ್ಕೆ ನೆರೆಯದಾದ ಮಹಾಲಕ್ಷ್ಮಿ ನಿಲ್ದಾಣದ ಪಕ್ಕದಲ್ಲಿಯೇ, 1883ರಿಂದ ಕುದುರೆಗಳ ಗೊರಸಿನ ಸದ್ದನ್ನು ಕೇಳುತ್ತ ಬಂದಿರುವ ಆ ಪ್ರಸಿದ್ಧ ಮೈದಾನವಿದೆ.

ಓಟವು ದೂರದಲ್ಲಿದ್ದಷ್ಟೂ ಅದನ್ನು ಕುರಿತ ಚರ್ಚೆಯು ಬೆಳೆಯುವುದೆಂಬುದು ರೇಸುಪ್ರಿಯರ ಲೋಕವನ್ನು ಬಲ್ಲವರಿಗೆ ಹೊಸ ವಿಷಯವಲ್ಲ. ಫೆಬ್ರುವರಿಯ ಮೊದಲ ಭಾನುವಾರ ಇಂಡಿಯನ್ ಡರ್ಬಿ ಮುಗಿದ ಮೇಲೆ, ಕುದುರೆಯ ಬಾಲಕ್ಕೆ ದುಡ್ಡು ಕಟ್ಟಿದವನ ಸಂಕಟ ಒಂದೆರಡು ದಿನಗಳಲ್ಲಿ ಶಮನವಾಗಬಹುದು. ಆದರೆ ಸೋತ ಫೇವರಿಟ್ಟಿನ ಮೇಲೆ ಇಂಥ ಜಾಕಿ ಕುಳಿತಿದ್ದರೆ ಅದು ಗೆಲ್ಲುತ್ತಿತ್ತೆ, ಗೆದ್ದವನದು ಸವಾರಿಯ ಚಾತುರ್ಯವೋ ಅಥವಾ ಯಾರನ್ನು ಕೂರಿಸಿದ್ದರೂ ಗೆಲ್ಲುತ್ತಿದ್ದ ಕುದುರೆಯ ಸತ್ತ್ವವೋ, ಎಂಬ ಪ್ರಶ್ನೆಗಳು ಮಾತ್ರ ವರ್ಷಾಂತರಗಳವರೆಗೆ ಜೀವಂತವಾಗಿರುತ್ತವೆ. ಈ ವಾದದಲ್ಲಿ ಸಾಮಾನ್ಯವಾಗಿ ಎರಡೇ ಪಕ್ಷಗಳಿರುತ್ತವೆ: ಒಂದು ಕುದುರೆಯ ಪಕ್ಷ, ಇನ್ನೊಂದು ಜಾಕಿಯ ಪಕ್ಷ. ಮೂರನೆಯದಾದ ನೆಲದ ಪಕ್ಷವನ್ನು ಹಿಡಿಯುವವರು ವಿರಳ. ನೆಲವನ್ನು ಬಿಟ್ಟು ಸವಾರನನ್ನು ಅಳೆಯುವುದು ಸಾಧ್ಯವೇ ಇಲ್ಲವೆಂಬುದನ್ನು, ಅಹಮದಾಬಾದು, ವಡೋದರ, ಸೂರತುಗಳ ನಡುವಿನ ಸೀಮೆಯ ಚರಿತ್ರೆಯನ್ನೇ ಆಧರಿಸಿ ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ಏಕೆಂದರೆ ಇಪ್ಪತ್ತನೆಯ ಶತಮಾನದಲ್ಲಿ ಜಾಕಿಯೊಬ್ಬನನ್ನು ಕುರಿತು ನಡೆದ ಅತ್ಯಂತ ದೀರ್ಘವಾದ ವಾದಗಳಲ್ಲೊಂದಕ್ಕೆ ಕಾರಣವಾದ ಕುದುರೆಯ ಒಡೆಯನು ವಡೋದರಕ್ಕೂ ಸೂರತಿಗೂ ನಡುವೆ, ನರ್ಮದೆಯ ದಕ್ಷಿಣಕ್ಕಿರುವ ರಾಜಪೀಪಳದ ಅರಸನಾಗಿದ್ದನು.

ಇಂದು ಸರ್ದಾರ್ ಪಟೇಲರ 182 ಮೀಟರು ಎತ್ತರದ ಪ್ರತಿಮೆಯನ್ನು ನೋಡಲು ಕೇವಡಿಯಾಕ್ಕೆ ಹೋಗುವ ಸಹಸ್ರಾರು ಕನ್ನಡ ಪ್ರವಾಸಿಗಳು ರಾಜಪೀಪಳದ ಸಮೀಪದಲ್ಲಿಯೇ ಹಾದುಹೋಗುತ್ತಾರೆ. ಕರ್ಜಣ ನದಿಯ ದಡದ ಈ ಚಿಕ್ಕ ಪಟ್ಟಣವು ಒಂದು ಕಾಲಕ್ಕೆ ಅಕೀಕು ಶಿಲೆಯ ಗಣಿಗಳಿಗೂ ಕಾಡಿನ ಸಂಪತ್ತಿಗೂ ಹೆಸರಾಗಿದ್ದ ಗೋಹಿಲ ರಜಪೂತರ ಸಂಸ್ಥಾನದ ರಾಜಧಾನಿ. 1915ರಲ್ಲಿ ಪಟ್ಟವೇರಿ 1948ರಲ್ಲಿ ಸಂಸ್ಥಾನವು ವಿಲೀನವಾಗುವವರೆಗೆ ಆಳಿದ ಮಹಾರಾಜ ವಿಜಯಸಿಂಹಜಿಯವರಿಗೆ ಅಶ್ವಗಳಲ್ಲಿದ್ದ ಆಸಕ್ತಿಯು ಕೇವಲ ವೈಭವಪ್ರಿಯತೆಯಿಂದ ಹುಟ್ಟಿದುದಲ್ಲ. ವಂಶಾವಳಿಯನ್ನು ಓದಿ, ಮರಿಯ ಅಂಗಸೌಷ್ಠವವನ್ನು ಪರೀಕ್ಷಿಸಿ, ತಾಳ್ಮೆಯಿಂದ ಕಾಯಬಲ್ಲ ಪರಿಣತಿ ಅವರದಾಗಿದ್ದಿತು. 1926ರಲ್ಲಿ ಅವರ ಎಂಬಾರ್ಗೋ ಎಂಬ ಕುದುರೆ ಐರಿಷ್ ಡರ್ಬಿಯನ್ನು ಗೆದ್ದಿತು. ಅನಂತರ ಅವರು ಬ್ಲಾಂಡ್‌ಫರ್ಡ್ ಎಂಬ ಖ್ಯಾತ ಬೀಜದ ಕುದುರೆಗೆ ಹುಟ್ಟಿದ ಒಂದು ಗಂಡುಮರಿಯನ್ನು 1,300 ಗಿನಿಗಳಿಗೆ, ಅಂದರೆ ಆ ಕಾಲದ ಶ್ರೀಮಂತರ ಮಾರುಕಟ್ಟೆಯಲ್ಲಿ ಸಾಧಾರಣವೆನ್ನಬಹುದಾದ ಬೆಲೆಗೆ ಕೊಂಡುಕೊಂಡರು. ಅದೇ ವಿಂಡ್ಸರ್ ಲ್ಯಾಡ್. ಅದನ್ನು ತಿದ್ದಿ ಸಜ್ಜುಗೊಳಿಸಿದವನು ಮಾರ್ಕಸ್ ಮಾರ್ಷ್ ಎಂಬ ತರುಣ ಟ್ರೇನರು. ಸವಾರನಾಗಿ ಗೊತ್ತಾದವನು ಚಾರ್ಲಿ ಸ್ಮರ್ಕ್.

ಈ ಸ್ಮರ್ಕನ ಆಯ್ಕೆಯೇ ಚರ್ಚೆಗೆ ಆಸ್ಪದವಾಗತಕ್ಕದ್ದಾಗಿತ್ತು. 1928ರಲ್ಲಿ ಇಂಗ್ಲೆಂಡಿನ ಗ್ಯಾಟ್ವಿಕ್ಕಿನ ಓಟವೊಂದರಲ್ಲಿ ವೆಲ್‌ಕಮ್ ಗಿಫ್ಟ್ ಎಂಬ ಕುದುರೆ ಆರಂಭದಲ್ಲಿಯೇ ಮೊಂಡು ಹಿಡಿದಾಗ, ಸವಾರನು ಪ್ರಾಮಾಣಿಕವಾಗಿ ಯತ್ನಿಸಲಿಲ್ಲವೆಂದು ತೀರ್ಮಾನಿಸಿದ ಸ್ಟುವರ್ಡರು ಆತನನ್ನು ಓಟದ ಮೈದಾನದಿಂದಲೇ ಬಹಿಷ್ಕರಿಸಿದರು. ಐದು ವರ್ಷಗಳು, ಒಬ್ಬ ಜಾಕಿಯ ಯೌವನದ ಅತ್ಯುತ್ತಮವಾದ ಐದು ವರ್ಷಗಳು, ಹಾಗೆ ಕಳೆದುಹೋದವು. 1933ರಲ್ಲಿ ಲೈಸೆನ್ಸು ಮರಳಿ ದೊರೆತ ಆತನನ್ನು ಮರುವರ್ಷವೇ ಜಗತ್ತಿನ ಅತ್ಯಂತ ಪ್ರತಿಷ್ಠಿತ ಓಟದಲ್ಲಿ ತನ್ನ ಕುದುರೆಯ ಮೇಲೆ ಕೂರಿಸಿದ ಧೈರ್ಯವು ರಾಜಪೀಪಳದ ಪಾಳಯದ್ದು.

1934ರ ಜೂನ್ 6ರಂದು ಇಂಗ್ಲೆಂಡಿನ ಎಪ್ಸಮ್ಮಿನಲ್ಲಿ ನಡೆದ ಆ ಡರ್ಬಿ ಓಟದಲ್ಲಿ ಎಲ್ಲರ ದೃಷ್ಟಿಯೂ ನೆಟ್ಟಿದ್ದುದು ಕೊಲಂಬೊ ಎಂಬ ಕುದುರೆಯ ಮೇಲೆ. ಅದು ಅದುವರೆಗೆ ಓಡಿದ ಒಂಬತ್ತು ಓಟಗಳಲ್ಲಿಯೂ ಸೋಲನ್ನು ಕಾಣದೆ ಬಂದಿದ್ದಿತು. ಅದರ ಮೇಲಿದ್ದವನು ಆಸ್ಟ್ರೇಲಿಯದಿಂದ ಬಂದ ರೇ ಜಾನ್‌ಸ್ಟನ್. ಓಟದ ಬಹುಭಾಗ ಕೊಲಂಬೊ ಒಳಬೇಲಿಗೆ ಹತ್ತಿಕೊಂಡೇ ಓಡಿತು. ಅದರ ಮುಂದೆ ಓಡುತ್ತಿದ್ದ ಮೀಡಿಯೀವಲ್ ನೈಟ್ ಎಂಬ ಕುದುರೆ ಇಳಿಜಾರಿನಲ್ಲಿ ದಣಿದು ಹಿಂಜರಿಯತೊಡಗಿದಾಗ, ಕೊಲಂಬೊಗೆ ಮುಂದೆ ದಾರಿಯಿಲ್ಲ, ಪಕ್ಕದಲ್ಲಿ ಬೇರೆ ಕುದುರೆಗಳ ಗೋಡೆ, ಒಳಗಡೆ ಬೇಲಿ. ಜಾನ್‌ಸ್ಟನ್ ಅಲ್ಲಿಂದ ಬಿಡಿಸಿಕೊಂಡು ಹೊರಬದಿಗೆ ಬರುವಷ್ಟರಲ್ಲಿ ಸ್ಮರ್ಕನು ಅವಕಾಶವನ್ನು ಕಂಡು ವಿಂಡ್ಸರ್ ಲ್ಯಾಡಿಗೆ ಮುನ್ನುಗ್ಗುವ ಸನ್ನೆಯನ್ನು ಕೊಟ್ಟಾಗಿತ್ತು. ವಿಂಡ್ಸರ್ ಲ್ಯಾಡ್ ಮೊದಲನೆಯದಾಗಿ, ಈಸ್ಟನ್ ಎರಡನೆಯದಾಗಿ, ಕೊಲಂಬೊ ಮೂರನೆಯದಾಗಿ ಗುರಿಯನ್ನು ದಾಟಿದವು. ಓಟದ ಅವಧಿ, ಹಿಂದಿನ ವರ್ಷವಷ್ಟೇ ಸ್ಥಾಪಿತವಾಗಿದ್ದ ದಾಖಲೆಗೆ ಸಮನಾಯಿತು. ಗುಜರಾತಿನ ಒಂದು ಸಣ್ಣ ಸಂಸ್ಥಾನದ ಅರಸನು ಎಪ್ಸಮ್ ಡರ್ಬಿಯ ವಿಜೇತನಾದನು.

ಅಂದಿನಿಂದ ವಾದ ಮೊದಲಾಯಿತು. ಆರು ಬಾರಿ ಡರ್ಬಿಯನ್ನು ಗೆದ್ದಿದ್ದ, ಎಪ್ಸಮ್ಮಿನ ಏರಿಳಿತಗಳನ್ನು ಅಂಗೈಯ ರೇಖೆಗಳಂತೆ ಬಲ್ಲ ಸ್ಟೀವ್ ಡೊನೊಹ್ಯೂ ಕೊಲಂಬೊವಿನ ಮೇಲೆ ಕುಳಿತಿದ್ದಿದ್ದರೆ ಅದು ನಿರಾಯಾಸವಾಗಿ ಗೆಲ್ಲುತ್ತಿತ್ತೆಂದು ಒಂದು ಪಕ್ಷದವರು ಹೇಳಿದರು. ಆ ದಿನ ಡೊನೊಹ್ಯೂ ಸವಾರಿಮಾಡುತ್ತಿದ್ದುದು ಬೇರಾವುದನ್ನೂ ಅಲ್ಲ, ಕೊಲಂಬೊವಿಗೆ ಅಡ್ಡವಾದ ಆ ಮೀಡಿಯೀವಲ್ ನೈಟನ್ನೇ ಎಂಬುದು ಈ ವಾದಕ್ಕೆ ಇನ್ನಷ್ಟು ತೀಕ್ಷ್ಣತೆಯನ್ನು ಕೊಟ್ಟಿತು. ವಿಂಡ್ಸರ್ ಲ್ಯಾಡ್ ಸ್ವತಃ ಮಹಾನ್ ಕುದುರೆಯಾಗಿದ್ದಿತು, ಯಾರು ಯಾವ ಕುದುರೆಯ ಮೇಲೆ ಕುಳಿತಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲವೆಂದು ಇನ್ನೊಂದು ಪಕ್ಷದವರು ಹೇಳಿದರು. ಡರ್ಬಿಯ ತರುವಾಯ ಮಹಾರಾಜರಿಂದ 50,000 ಪೌಂಡುಗಳಿಗೆ ಮಾರ್ಟಿನ್ ಬೆನ್ಸನ್ ಎಂಬ ಬುಕ್ಕಿಯ ಕೈಸೇರಿದ ಆ ಕುದುರೆ ಅದೇ ವರ್ಷ ಸೇಂಟ್ ಲೆಜರ್ ಓಟವನ್ನೂ ಗೆದ್ದುದು ಇವರ ಪಾಲಿಗೆ ಪ್ರಮಾಣವಾಯಿತು. ಆದರೆ ಅದೇ ಬೇಸಿಗೆಯಲ್ಲಿ ಸ್ಯಾಂಡೌನಿನ ಎಕ್ಲಿಪ್ಸ್ ಓಟದಲ್ಲಿ ಅದು ಮೂರನೆಯದಾಗಿ ಬಂದುದನ್ನು ಮೊದಲ ಪಕ್ಷದವರು ನೆನಪಿಸದೆ ಬಿಡಲಿಲ್ಲ.

ಇಲ್ಲಿ ನಾವು ನಿಂತು ಎಪ್ಸಮ್ಮಿನ ನೆಲವನ್ನು ನೋಡಬೇಕು. ಆ ಓಟದ ದೂರ ಸುಮಾರು 2,400 ಮೀಟರು, ಅಂದರೆ ನಮ್ಮ ಇಂಡಿಯನ್ ಡರ್ಬಿಯಷ್ಟೇ. ಆದರೆ ಮಹಾಲಕ್ಷ್ಮಿಯ ಸಮತಟ್ಟಾದ ಹುಲ್ಲುಹಾಸಿಗೂ ಇದಕ್ಕೂ ಸಾಮ್ಯವೇ ಇಲ್ಲ. ಎಪ್ಸಮ್ಮಿನಲ್ಲಿ ಓಟದ ಮೊದಲ ಅರ್ಧ ಸುಮಾರು 40 ಮೀಟರುಗಳಷ್ಟು ಏರು. ಅನಂತರ ಕಡಿದಾದ ಇಳಿಜಾರು. ಇಳಿಯುತ್ತಿರುವಾಗಲೇ ಎಡಕ್ಕೆ ಟ್ಯಾಟನ್‌ಹ್ಯಾಮ್ ತಿರುವು. ತಿರುವು ದಾಟಿದ ಮೇಲಿನ ನೇರದಾರಿಯಾದರೂ ಮಟ್ಟವಾಗಿರದೆ ಒಳಬೇಲಿಯ ಕಡೆಗೆ ವಾಲಿಕೊಂಡಿರುವುದರಿಂದ ದಣಿದ ಕುದುರೆಗಳೆಲ್ಲ ಆ ಕಡೆಗೆ ಜಾರಿ ಒತ್ತಿಕೊಳ್ಳುತ್ತವೆ. ಕಟ್ಟಕಡೆಗೆ ಮತ್ತೆ ಸ್ವಲ್ಪ ಏರು. ಇಂಥ ನೆಲದಲ್ಲಿ ಒಳಬೇಲಿಯನ್ನು ಹಿಡಿದು ಓಡುವವನಿಗೆ ದೂರ ಉಳಿಯುತ್ತದೆ, ಆದರೆ ಮುಂದಿನ ಕುದುರೆ ಸೋತು ಹಿಂದಕ್ಕೆ ಬಂದರೆ ಸೆರೆಸಿಕ್ಕುವ ಅಪಾಯ ಸದಾ ಬೆನ್ನಿಗಿರುತ್ತದೆ. ಹೊರಬದಿಯಲ್ಲಿ ಓಡುವವನಿಗೆ ದಾರಿ ಮುಕ್ತ, ಆದರೆ ಓಡಬೇಕಾದ ದೂರ ಹೆಚ್ಚು. ಹಾಗಾದರೆ ಜಾನ್‌ಸ್ಟನ್ ತಪ್ಪಿದನೆ? ತಪ್ಪಿದನು, ಆದರೆ ಸಾಮರ್ಥ್ಯದ ಅಭಾವದಿಂದಲ್ಲ. ದಣಿಯುವ ಕುದುರೆಗಳು ಆ ನೆಲದಲ್ಲಿ ಎಲ್ಲಿ ಹಿಂಜರಿಯುತ್ತವೆ, ಹಿಂಜರಿದು ಯಾವ ಕಡೆಗೆ ವಾಲುತ್ತವೆ ಎಂಬ ಸ್ಥಳಜ್ಞಾನದ ಅಭಾವದಿಂದ. ಆ ಜ್ಞಾನವನ್ನು ಆತನು ಮುಂದೆ ಸಂಪಾದಿಸಿದನೆಂಬುದಕ್ಕೆ ಸಾಕ್ಷ್ಯವುಂಟು: ಅವಮಾನದಿಂದ ಕುಗ್ಗದೆ ಫ್ರಾನ್ಸಿನಲ್ಲಿ ನೆಲೆಯೂರಿ ಕೀರ್ತಿವಂತನಾದ ಅದೇ ಜಾನ್‌ಸ್ಟನ್, ಅದೇ ಎಪ್ಸಮ್ಮಿನಲ್ಲಿ 1948, 1950 ಮತ್ತು 1956ರಲ್ಲಿ, ಮೂರು ಬಾರಿ ಡರ್ಬಿಯನ್ನು ಗೆದ್ದನು. ಒಂದು ಓಟದ ಸೋಲಿನಿಂದ ಒಬ್ಬ ಸವಾರನ ಬಗ್ಗೆ ಶಾಶ್ವತವಾದ ತೀರ್ಪನ್ನು ಕೊಟ್ಟವರೆಲ್ಲರೂ ಈ ಮೂರು ವರ್ಷಗಳನ್ನು ಗಮನಿಸಬೇಕು.

ಜಾಕಿಯ ಕಾರ್ಯವೇನೆಂಬುದನ್ನು ರೇಸಿನ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ವಿಶದಪಡಿಸುವುದು ಯುಕ್ತ. ಕುದುರೆಯನ್ನು ಹೊಡೆದು ಓಡಿಸುವುದೇ ಆತನ ಕೆಲಸವೆಂಬ ಭಾವನೆ ವ್ಯಾಪಕವಾಗಿದೆ. ವಸ್ತುತಃ ಓಟದ ಬಹುಭಾಗದಲ್ಲಿ ಆತನು ಮಾಡುವುದು ತಡೆಯುವ ಕೆಲಸ. ನಾಗಾಲೋಟದಲ್ಲಿರುವ ಕುದುರೆಯ ಶಕ್ತಿ ಪರಿಮಿತವಾದದ್ದು. ಅದನ್ನು ಆರಂಭದಲ್ಲಿಯೇ ವ್ಯಯಮಾಡಿದರೆ ಕೊನೆಯ ಎರಡು ಫರ್ಲಾಂಗುಗಳಿಗೆ ಏನೂ ಉಳಿಯುವುದಿಲ್ಲ. ಎಷ್ಟು ವೇಗದಲ್ಲಿ ಓಡುತ್ತಿದ್ದೇವೆಂಬುದನ್ನು ಗಡಿಯಾರವಿಲ್ಲದೆ ಮನಸ್ಸಿನಲ್ಲಿಯೇ ಅಳೆಯುವುದು, ಯಾವ ಕುದುರೆಯ ಹಿಂದೆ ನಿಂತರೆ ಗಾಳಿಯ ಹೊಡೆತ ತಪ್ಪುತ್ತದೆ, ಯಾವುದರ ಹಿಂದೆ ನಿಂತರೆ ದಾರಿ ಮುಚ್ಚುತ್ತದೆ ಎಂಬುದನ್ನು ಕ್ಷಣಾರ್ಧದಲ್ಲಿ ನಿರ್ಧರಿಸುವುದು, ಬೆನ್ನಿನ ಮೇಲೆ ತನ್ನ ಭಾರವನ್ನು ಕುದುರೆಯ ಚಲನೆಗೆ ಹೊಂದಿಸಿ ಅದಕ್ಕೆ ಹೊರೆಯೆನಿಸದಂತೆ ನಿಲ್ಲುವುದು, ಕೊನೆಗೆ ಕೇಳಬೇಕಾದ ಗಳಿಗೆಯಲ್ಲಿ ಮಾತ್ರ ಅದರ ಸರ್ವಸ್ವವನ್ನು ಕೇಳುವುದು, ಇವು ಆತನ ವಿದ್ಯೆಗಳು. ಇದರ ಮೇಲೆ ತೂಕದ ತಪಸ್ಸು ಬೇರೆ: ಉತ್ತಮವಾದ ಕುದುರೆಗೆ ಹೆಚ್ಚು ಭಾರವನ್ನೂ ಸಾಧಾರಣವಾದುದಕ್ಕೆ ಕಡಿಮೆ ಭಾರವನ್ನೂ ಹೊರಿಸುವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ, ನಿಗದಿಯಾದ ತೂಕವನ್ನು ಮೀರದಿರಲೆಂದು ಹಸಿವನ್ನೇ ಅಭ್ಯಾಸಮಾಡಿಕೊಂಡ ಸವಾರರಿದ್ದಾರೆ. ಕಲಿಯುತ್ತಿರುವ ಅಪ್ರೆಂಟಿಸ್ ಜಾಕಿಗೆ ತೂಕದಲ್ಲಿ ರಿಯಾಯಿತಿ ದೊರೆಯುವುದು, ಅನುಭವದ ಕೊರತೆಯನ್ನು ಭಾರದ ಇಳಿಕೆಯಿಂದ ಸರಿದೂಗಿಸಬೇಕೆಂಬ ನ್ಯಾಯದಿಂದ. 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು ಡಾ. ಕೆ. ಆರ್. ಲಕ್ಷ್ಮಣನ್ ಅವರ ಪ್ರಕರಣದಲ್ಲಿ ಕುದುರೆ ಓಟವು ಪ್ರಧಾನವಾಗಿ ಕೌಶಲದ ಕ್ರೀಡೆಯೆಂದು ತೀರ್ಪಿತ್ತಾಗ, ಅಶ್ವದ ಶಿಕ್ಷಣ ಮತ್ತು ಸವಾರನ ನೈಪುಣ್ಯಗಳೆರಡನ್ನೂ ಪರಿಗಣಿಸಿತೆಂಬುದು ಇಲ್ಲಿ ಸ್ಮರಣೀಯ.

ರಾಜಪೀಪಳದ ಕಥೆಯ ಮಗ್ಗುಲಲ್ಲಿಯೇ ವಡೋದರದ ಕಥೆಯನ್ನು ಇಡಬೇಕು. 1939ರಲ್ಲಿ ಪಿತಾಮಹರಾದ ಸಯಾಜಿರಾವ್ ಗಾಯಕವಾಡರ ತರುವಾಯ ಪಟ್ಟಕ್ಕೆ ಬಂದ ಪ್ರತಾಪಸಿಂಹರಾವ್ ಗಾಯಕವಾಡರು ಕುದುರೆಗಳ ವಿಷಯದಲ್ಲಿ ರಾಜಪೀಪಳದವರಿಗಿಂತಲೂ ಮುಕ್ತಹಸ್ತರು. ಇಂದಿನ ರೂಪದ ಇಂಡಿಯನ್ ಡರ್ಬಿ 1943ರಲ್ಲಿ ಮಹಾಲಕ್ಷ್ಮಿಯಲ್ಲಿ ಆರಂಭವಾದಾಗ ಪ್ರಥಮ ವಿಜಯವು ಅವರ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣುಕುದುರೆಯದಾಯಿತು. ಸವಾರನು ಆಸ್ಟ್ರೇಲಿಯದ ಎಡ್ಗರ್ ಬ್ರಿಟ್. ಯುದ್ಧವು ಮುಗಿದ ಬಳಿಕ ಮಹಾರಾಜರು ಇಂಗ್ಲೆಂಡಿನಲ್ಲಿ 28,000 ಗಿನಿಗಳನ್ನು ತೆತ್ತು, ಅಂದಿಗೆ ದಾಖಲೆಯೆನಿಸಿದ ಬೆಲೆಗೆ, ಒಂದು ವರ್ಷದ ಮರಿಯೊಂದನ್ನು ಕೊಂಡು ಅದಕ್ಕೆ ತಮ್ಮ ಪಿತಾಮಹರ ಹೆಸರನ್ನೇ ಇಟ್ಟರು. ಸಯಾಜಿರಾವ್ ಎಂಬ ಆ ಕುದುರೆ 1947ರ ಟೂ ಥೌಸೆಂಡ್ ಗಿನೀಸ್ ಓಟದಲ್ಲಿಯೂ ಎಪ್ಸಮ್ ಡರ್ಬಿಯಲ್ಲಿಯೂ ಮೂರನೆಯದಾಗಿ ಬಂದು, ಬ್ರಿಟ್‌ನ ಸವಾರಿಯಲ್ಲಿ ಐರಿಷ್ ಡರ್ಬಿಯನ್ನೂ, ಕೊನೆಗೆ ಕೇವಲ ಒಂದು ತಲೆಯ ಅಂತರದಿಂದ ಸೇಂಟ್ ಲೆಜರನ್ನೂ ಗೆದ್ದಿತು.

ಈ ಕುದುರೆಯ ಒಂದು ವರ್ಷದ ಇತಿಹಾಸದಲ್ಲಿಯೇ ಜಾಕಿಯ ವಾದಕ್ಕೊಂದು ಪಾಠವಿದೆ. ಗಿನೀಸ್ ಓಟದ ದೂರ ಒಂದು ಮೈಲಿ. ಅಲ್ಲಿ ಟ್ಯೂಡರ್ ಮಿನ್‌ಸ್ಟ್ರೆಲ್ ಎಂಬ ಕುದುರೆ ಎಲ್ಲವನ್ನೂ ಎಂಟು ಮೈಯಳತೆಗಳಷ್ಟು ಹಿಂದೆ ಹಾಕಿತು. ಅದೇ ಟ್ಯೂಡರ್ ಮಿನ್‌ಸ್ಟ್ರೆಲ್ ಒಂದೂವರೆ ಮೈಲಿಯ ಡರ್ಬಿಯಲ್ಲಿ ಸಯಾಜಿರಾವ್‌ನ ಹಿಂದೆ ಉಳಿಯಿತು. ಅದರ ಮೇಲಿದ್ದವನು ಆ ಯುಗದ ಚಾಂಪಿಯನ್ ಜಾಕಿಯಾದ ಗಾರ್ಡನ್ ರಿಚರ್ಡ್ಸ್. ದೂರವನ್ನು ತಾಳಲಾರದ ಕುದುರೆಗೆ ಯಾವ ಸವಾರನೂ ಶ್ವಾಸವನ್ನು ಕೊಡಲಾರ. ಇನ್ನು ಸಯಾಜಿರಾವ್‌ಗಾದರೋ ಒಂದು ಮೈಲಿಯು ಸಾಲದು, ಒಂದೂವರೆ ಮೈಲಿಯೂ ಕಡಿಮೆಯೇ. ಸೇಂಟ್ ಲೆಜರಿನ ಒಂದೂಮುಕ್ಕಾಲು ಮೈಲಿಗೂ ಮೀರಿದ ದೂರದಲ್ಲಿ ಅದರ ಮನೋಬಲವು ಪ್ರಕಟವಾಯಿತು. ಮರುವರ್ಷ ಅದೇ ಮಹಾರಾಜರ ಮೈ ಬಾಬು ಎಂಬ ಕುದುರೆ ಟೂ ಥೌಸೆಂಡ್ ಗಿನೀಸನ್ನು ಗೆದ್ದಿತು. ಅದರ ಬೆನ್ನಿನ ಮೇಲಿದ್ದವನು ರಾಜಪೀಪಳಕ್ಕೆ ಡರ್ಬಿಯನ್ನು ಗೆದ್ದುಕೊಟ್ಟ ಸ್ಮರ್ಕನೇ. ಆದರೆ 1948ರ ಡರ್ಬಿಯಲ್ಲಿ ಮೈ ಬಾಬು ನಾಲ್ಕನೆಯದಾಗಿ ಹಿಂದುಳಿಯಿತು; ಆ ಡರ್ಬಿಯನ್ನು ಮೈ ಲವ್ ಎಂಬ ಕುದುರೆಯ ಮೇಲೆ ಗೆದ್ದವನು, ಹದಿನಾಲ್ಕು ವರ್ಷಗಳ ಹಿಂದೆ ನಿಂದೆಗೆ ಗುರಿಯಾಗಿದ್ದ ಜಾನ್‌ಸ್ಟನ್.

ಸಂಸ್ಥಾನಗಳು ವಿಲೀನವಾದವು, ಮಹಾರಾಜರುಗಳ ಲಾಯಗಳು ಬರಿದಾದವು, ಹುಲ್ಲಿನ ಮೈದಾನಗಳು ರಸ್ತೆಗಳಾದವು. ಹಾಗೆಂದು ಗುಜರಾತಿನಲ್ಲಿ ಕುದುರೆಯ ಓಟವೇ ನಿಂತುಹೋಯಿತೆಂದು ಭಾವಿಸಬಾರದು. ಅದು ತಾನಿರಬೇಕಾದ ಸ್ಥಳವನ್ನು ಬದಲಾಯಿಸಿಕೊಂಡಿತು, ಅಥವಾ ಮೊದಲಿನಿಂದಲೂ ಇದ್ದ ಸ್ಥಳಕ್ಕೆ ಹಿಂದಿರುಗಿತು. ಅಹಮದಾಬಾದಿನಿಂದ ಉತ್ತರಕ್ಕೆ, ಬನಾಸಕಾಂಠಾ ಜಿಲ್ಲೆಯ ಡೀಸಾ ತಾಲ್ಲೂಕಿನ ಮುಡೇಠಾ ಗ್ರಾಮದಲ್ಲಿ, ದೀಪಾವಳಿಯ ತರುವಾಯ ಬರುವ ಭಾಯಿಬೀಜದ ದಿನ, ಅಂದರೆ ನಮ್ಮ ಭ್ರಾತೃದ್ವಿತೀಯೆಯಂದು, ರಜಪೂತ ಮನೆತನಗಳ ಸವಾರರು ಸಾಂಪ್ರದಾಯಿಕ ಉಡುಪಿನಲ್ಲಿ ಕುದುರೆಗಳನ್ನು ಓಡಿಸುತ್ತಾರೆ. ಅದೇ ಸೀಮೆಯ ಜಸರಾದಲ್ಲಿ ಮಹಾಶಿವರಾತ್ರಿಯ ಸುಮಾರಿಗೆ ಸೇರುವ ಅಶ್ವಮೇಳದಲ್ಲಿ ಕಾಠಿಯಾವಾಡಿ, ಮಾರವಾಡಿ ತಳಿಗಳ ಕುದುರೆಗಳು ಸ್ಪರ್ಧೆಗಿಳಿಯುತ್ತವೆ. ಅಲ್ಲಿ ಹುಲ್ಲುಹಾಸಿಲ್ಲ, ವಿದ್ಯುತ್ತಿನಿಂದ ತೆರೆಯುವ ಆರಂಭದ ಬಾಗಿಲಿಲ್ಲ. ಮರಳುಮಿಶ್ರಿತ ಧೂಳಿನ ನೆಲ, ಅದರ ಎರಡು ಬದಿಗಳಲ್ಲಿ ಜನರ ಗೋಡೆ.

ಆ ಕಾಠಿಯಾವಾಡಿ ಕುದುರೆ ಸೌರಾಷ್ಟ್ರದ ಬಿಸಿಲಿಗೂ ಬರಕ್ಕೂ ಒಗ್ಗಿ ಬೆಳೆದದ್ದು. ಒಳಮುಖವಾಗಿ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುವ ಕಿವಿಗಳು ಅದರ ಕುಲಲಕ್ಷಣ. ಅದರ ಮೇಲಿನ ಸವಾರಿಯಲ್ಲಿ ‘ರೇವಾಲ್ ಚಾಲ್’ ಎಂಬ ಒಂದು ನಡಿಗೆಗೆ ವಿಶೇಷವಾದ ಮನ್ನಣೆಯುಂಟು. ನಾಗಾಲೋಟದಂತೆ ನೆಗೆಯದೆ, ಒಂದು ಪಾರ್ಶ್ವದ ಕಾಲುಗಳು ಮುಗಿದ ಮೇಲೆ ಇನ್ನೊಂದು ಪಾರ್ಶ್ವದ ಕಾಲುಗಳೆಂಬ ಕ್ರಮದಲ್ಲಿ ಸಾಗುವ ಈ ನಡಿಗೆಯಲ್ಲಿ ಸವಾರನ ಮೈ ಅಲುಗುವುದು ಅತ್ಯಲ್ಪ. ರೇವಾಲಿನ ಸ್ಪರ್ಧೆಯಲ್ಲಿ ಶೀಘ್ರವಾಗಿ ಹೋಗಬೇಕು, ಆದರೆ ಕುದುರೆ ನಡಿಗೆಯನ್ನು ಮುರಿದು ನಾಗಾಲೋಟಕ್ಕೆ ಇಳಿಯಬಾರದು. ಇಳಿದರೆ ಅದು ಸೋತಂತೆ. ವೇಗದ ಆಸೆಯನ್ನು ವೇಗದ ಮಧ್ಯದಲ್ಲಿಯೇ ನಿಗ್ರಹಿಸಬೇಕಾದ ಈ ಪರೀಕ್ಷೆಯಲ್ಲಿ ಗೆಲ್ಲುವ ಗ್ರಾಮೀಣ ಸವಾರನು, ಎಪ್ಸಮ್ಮಿನ ಇಳಿಜಾರಿನಲ್ಲಿ ಲಗಾಮನ್ನು ಹಿಡಿದು ಕಾಯುವ ಜಾಕಿಯು ಬಲ್ಲ ವಿದ್ಯೆಯನ್ನೇ ಬಲ್ಲವನೆಂದು ನಾನು ತಿಳಿಯುತ್ತೇನೆ.

ವಿಚಿತ್ರವೆನಿಸುವ ನೆಲಗಳಲ್ಲಿ ಓಡುವ ಈ ಪದ್ಧತಿ ಗುಜರಾತಿಗೆ ಮಾತ್ರ ಸೀಮಿತವಾದುದಲ್ಲ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸಿನಲ್ಲಿ 1907ರಿಂದ ಫೆಬ್ರುವರಿಯಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಕುದುರೆಗಳು ಓಡುತ್ತವೆ. ಐರ್ಲೆಂಡಿನ ಲೇಟೌನಿನಲ್ಲಿ 1868ರಿಂದ ಸಮುದ್ರದ ಇಳಿತದ ವೇಳೆಯನ್ನು ಲೆಕ್ಕಹಾಕಿ ಮರಳತೀರದ ಮೇಲೆ ಓಟವನ್ನು ನಡೆಸುತ್ತಾರೆ. ಇಟಲಿಯ ಸಿಯೆನಾ ನಗರದಲ್ಲಿ ಪ್ರತಿವರ್ಷ ಜುಲೈ 2ರಂದೂ ಆಗಸ್ಟ್ 16ರಂದೂ ಊರ ನಡುವಣ ಚೌಕದಲ್ಲಿ, ಕಲ್ಲುಹಾಸಿನ ಮೇಲೆ ಮಣ್ಣನ್ನು ಹರಡಿ, ಜೀನಿಲ್ಲದ ಕುದುರೆಗಳ ಓಟವು ಜರುಗುತ್ತದೆ. ಅಲ್ಲಿ ತಿರುವಿನಲ್ಲಿ ಸವಾರನು ಕೆಳಕ್ಕೆ ಬಿದ್ದರೂ ಒಂಟಿಯಾಗಿ ಓಡಿ ಮೊದಲು ಗುರಿಮುಟ್ಟಿದ ಕುದುರೆಯನ್ನು ವಿಜೇತವೆಂದೇ ಸಾರುತ್ತಾರೆ. ಕುದುರೆಯ ಪಕ್ಷದವರಿಗೆ ಇದಕ್ಕಿಂತ ಬಲವಾದ ಪ್ರಮಾಣ ಬೇರೆಲ್ಲಿ ದೊರೆತೀತು?

ಇದಕ್ಕೆ ಪ್ರತಿಯಾದ ಪ್ರಮಾಣವನ್ನು ಕನ್ನಡಿಗನು ತನ್ನ ಕರಾವಳಿಯಲ್ಲಿಯೇ ಕಾಣಬಲ್ಲನು. ಕಂಬಳದಲ್ಲಿ ಓಡುವ ಪ್ರಾಣಿ ಕುದುರೆಯಲ್ಲ, ಕೋಣ; ನೆಲ ಹುಲ್ಲಲ್ಲ, ನೀರುತುಂಬಿದ ಕೆಸರು; ಹಗ್ಗ, ನೇಗಿಲು ವಿಭಾಗಗಳಲ್ಲಿ ಕೋಣ ಓಡಿಸುವವನು ಬೆನ್ನೇರಿ ಕುಳಿತವನಲ್ಲ, ಅದರ ಹಿಂದೆ ತನ್ನ ಕಾಲುಗಳ ಮೇಲೆಯೇ ಓಡುವವನು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ನೂರು ಮೀಟರಿಗೆ ಅದು 9.55 ಸೆಕೆಂಡಾಗುವುದೆಂದು ಲೆಕ್ಕಹಾಕಿ ಉಸೇನ್ ಬೋಲ್ಟರೊಡನೆ ಹೋಲಿಸಿದ ಚರ್ಚೆಯು ದೇಶದೆಲ್ಲೆಡೆ ಹಬ್ಬಿತು. ಆ ಹೋಲಿಕೆ ಅವರ ಸಾಧನೆಯನ್ನು ಎತ್ತಿಹಿಡಿದಂತೆ ತೋರಿದರೂ ಅದರ ನಿಜವಾದ ಸ್ವರೂಪವನ್ನು ಮರೆಮಾಡಿತು. ಕೋಣಗಳ ಸೆಳೆತವು ಓಡುವವನನ್ನು ಮುಂದಕ್ಕೆ ಎಳೆಯುತ್ತದೆ, ಕೆಸರು ಹಿಂದಕ್ಕೆ ಹಿಡಿಯುತ್ತದೆ. ಈ ಎರಡು ಶಕ್ತಿಗಳ ನಡುವೆ ಮುಗ್ಗರಿಸದೆ, ಜೋಡಿಯ ಎರಡು ಕೋಣಗಳನ್ನೂ ಸಮವಾಗಿ ನಡೆಸುವುದು ಅವರ ಕೌಶಲವೇ ಹೊರತು ಗಟ್ಟಿಯಾದ ಓಟದಹಾದಿಯ ಮೇಲಿನ ಒಂಟಿ ವೇಗವಲ್ಲ. ಕಂಬಳದಲ್ಲಿಯೇ ಕನೆ ಹಲಗೆಯ ವಿಭಾಗದಲ್ಲಿ, ಹಲಗೆಯ ಮೇಲೆ ನಿಂತವನು ಚಿಮ್ಮಿಸಿದ ನೀರು ಆರೂವರೆ ಕೋಲಿನ ಅಥವಾ ಏಳೂವರೆ ಕೋಲಿನ ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದರ ಮೇಲೆ ತೀರ್ಮಾನವಾಗುವುದರಿಂದ, ಅಲ್ಲಿ ವೇಗವೇ ಅಳತೆಗೋಲಲ್ಲ. ನೆಲವು ಬದಲಾದರೆ ಸವಾರನ ಗುಣವೆಂದರೇನು ಎಂಬುದೇ ಬದಲಾಗುವುದಕ್ಕೆ ಇದು ನಿದರ್ಶನ.

ಜಾಕಿಯನ್ನು ಕುರಿತ ಚರ್ಚೆ ನಮ್ಮ ಪುರಾಣೇತಿಹಾಸಗಳಿಗೂ ಅಪರಿಚಿತವಲ್ಲ. ನಳೋಪಾಖ್ಯಾನದಲ್ಲಿ ಬಾಹುಕನೆಂಬ ಕುರೂಪಿಯಾದ ಸಾರಥಿಯು ಋತುಪರ್ಣರಾಜನ ರಥವನ್ನು ವಿದರ್ಭದ ಕಡೆಗೆ ಓಡಿಸುವಾಗ, ಜೊತೆಯಲ್ಲಿ ಕುಳಿತ ವಾರ್ಷ್ಣೇಯನು, ಈತನು ಇಂದ್ರನ ಸಾರಥಿಯಾದ ಮಾತಲಿಯೋ, ಅಶ್ವಶಾಸ್ತ್ರಜ್ಞನಾದ ಶಾಲಿಹೋತ್ರನೋ, ಅಥವಾ ಸಾಕ್ಷಾತ್ ನಳನೋ ಎಂದು ಮನಸ್ಸಿನಲ್ಲಿಯೇ ವಿಚಾರಮಾಡುತ್ತಾನೆ. ಆರಿಸಿದ ಕುದುರೆಗಳು ಕೃಶವಾದವುಗಳೆಂದು ರಾಜನು ಮೊದಲಿಗೆ ಆಕ್ಷೇಪಿಸಿದ್ದನು. ಲಕ್ಷಣಗಳನ್ನು ಬಲ್ಲ ಬಾಹುಕನು ಅವನ್ನೇ ಹೂಡಿದನು. ಆ ಪ್ರಯಾಣದಲ್ಲಿ ಋತುಪರ್ಣನು ತಾನು ಬಲ್ಲ ಅಕ್ಷಹೃದಯವನ್ನು, ಎಂದರೆ ದ್ಯೂತದ ಮತ್ತು ಗಣನೆಯ ರಹಸ್ಯವನ್ನು ನಳನಿಗೆ ಕೊಡುತ್ತಾನೆ. ಪ್ರತಿಯಾಗಿ ನಳನು ಅಶ್ವಹೃದಯವನ್ನು, ಎಂದರೆ ಕುದುರೆಯ ಅಂತರಂಗದ ರಹಸ್ಯವನ್ನು ಕೊಡಲು ಒಪ್ಪುತ್ತಾನೆ. ಎರಡೂ ವಿದ್ಯೆಗಳೇ, ಆದರೆ ಎರಡೂ ಒಂದೇ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಪದ್ಮಣ ಪಂಡಿತನು ಹಯಸಾರ ಸಮುಚ್ಚಯವೆಂಬ ಅಶ್ವಶಾಸ್ತ್ರಗ್ರಂಥವನ್ನು ಕನ್ನಡದಲ್ಲಿ ರಚಿಸಿದಾಗಲೂ ಆತನು ಉಳಿಸಲೆಳಸಿದ್ದು ಈ ಎರಡನೆಯ ವಿದ್ಯೆಯನ್ನೇ.

ಇಂದಿನ ರೇಸುಲೋಕದಲ್ಲಿ ಅಕ್ಷಹೃದಯದ ಆಸಕ್ತಿ ಅತಿಯಾಗಿ, ಅಶ್ವಹೃದಯದ ಆಸಕ್ತಿ ಕ್ಷೀಣಿಸಿದೆ ಎಂಬುದು ನನ್ನ ವ್ಯಥೆ. ಪಣದಲ್ಲಿ ಸೋತವನು ಜಾಕಿಯನ್ನು ಬೈಯುವಾಗ ಅವನ ಕಣ್ಣಿನ ಮುಂದಿರುವುದು ಕಳೆದುಹೋದ ಹಣವೇ ಹೊರತು ಓಟವಲ್ಲ. ಅಂಥವನ ತೀರ್ಪಿಗೆ ಬೆಲೆಯಿಲ್ಲ. ಹಣದ ಆಸೆಯಿಂದ ಸಂಸಾರಗಳು ಹಾಳಾದುದನ್ನು ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಕಾಣದವರಾರು? ಆದರೆ ಮೈದಾನವೇ ಇಲ್ಲದ ಅಹಮದಾಬಾದಿನಲ್ಲಿಯೋ ಸೂರತಿನಲ್ಲಿಯೋ ಕುಳಿತು, ಪಣವನ್ನು ಒಡ್ಡದೆ, ಯಾವ ಕುದುರೆ ಎಷ್ಟು ದೂರವನ್ನು ತಾಳಬಲ್ಲದು, ಯಾವ ಜಾಕಿ ಯಾವ ತಿರುವಿನಲ್ಲಿ ಕಾಯಬೇಕಾಗಿತ್ತು ಎಂದು ಪರಾಮರ್ಶಿಸುವವನಿಗೆ ನಿಷ್ಪಕ್ಷಪಾತವಾಗಿ ನೋಡುವ ಅವಕಾಶವು ಸಹಜವಾಗಿಯೇ ಲಭಿಸಿದೆ. ದೂರವಿರುವುದು ಅವನ ನಷ್ಟವಾದಂತೆ ಅವನ ಭಾಗ್ಯವೂ ಹೌದು.

ಅಂಥವರಿಗೆ ಒಂದು ಹೊಣೆಯೂ ಇದೆ. ಗ್ರಾಮಗಳ ಓಟಗಳನ್ನು ಅವರು ಕೀಳಾಗಿ ಕಾಣಬಾರದು; ಹಾಗೆಯೇ ಅಲ್ಲಿನ ಅಪಾಯಗಳನ್ನು ಸಂಪ್ರದಾಯದ ಹೆಸರಿನಲ್ಲಿ ಮರೆಮಾಚಲೂಬಾರದು. ತಲೆಗೆ ರಕ್ಷೆಯಿಲ್ಲದ ಎಳೆಯ ಹುಡುಗರನ್ನು ಕುದುರೆಯ ಬೆನ್ನಿಗೆ ಏರಿಸುವುದು, ಮೃದುವಾದ ನೆಲಕ್ಕೆ ಬದಲಾಗಿ ಡಾಂಬರಿನ ರಸ್ತೆಯ ಮೇಲೆ ಓಡಿಸಿ ಗೊರಸು ಕೀಲುಗಳನ್ನು ಕೆಡಿಸುವುದು, ಗಾಯಗೊಂಡ ಪ್ರಾಣಿಗೆ ಪಶುವೈದ್ಯನು ಹತ್ತಿರದಲ್ಲಿರದಿರುವುದು, ಇವು ಎಲ್ಲಿಯೇ ನಡೆಯಲಿ, ಪರಂಪರೆಯ ಭಾಗವಲ್ಲ, ಪರಂಪರೆಗೆ ಎಸಗುವ ದ್ರೋಹ. ಕಂಬಳಕ್ಕಾಗಿ ಕರ್ನಾಟಕವು ಮಾಡಿದ ಕಾನೂನನ್ನು 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಎತ್ತಿಹಿಡಿಯಿತು. ಆ ಮನ್ನಣೆಯ ಜೊತೆಗೆ ಪ್ರಾಣಿಯ ನೋವನ್ನು ಕಡಿಮೆಮಾಡುವ ಕರ್ತವ್ಯವೂ ಬಂದಿದೆಯೆಂಬುದನ್ನು ನಾವೂ ಮರೆಯಬಾರದು, ಕುದುರೆ ಓಡಿಸುವ ಗುಜರಾತಿನ ಗ್ರಾಮಗಳೂ ಮರೆಯಬಾರದು.

ಜಾಕಿಯ ವಾದವನ್ನು ನಡೆಸುವವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಸವಾರನನ್ನು ಹೊಗಳುವ ಅಥವಾ ತೆಗಳುವ ಮುನ್ನ ನಾಲ್ಕು ವಿಷಯಗಳನ್ನು ವಿಚಾರಿಸಬೇಕು: ನೆಲವು ಎಂಥದು, ದೂರವು ಎಷ್ಟು, ಕುದುರೆ ಹೊತ್ತ ಭಾರವೆಷ್ಟು, ಓಟದ ನಿರ್ಣಾಯಕ ಗಳಿಗೆಯಲ್ಲಿ ಅದು ನಿಂತಿದ್ದ ಸ್ಥಾನವು ಯಾವುದು. ಈ ನಾಲ್ಕನ್ನೂ ತೂಗಿದ ಮೇಲೆ ಉಳಿಯುವುದೇ ಸವಾರನ ಗುಣ ಅಥವಾ ದೋಷ. ಅದು ಎಪ್ಸಮ್ಮಿನ ಜಾಕಿಯದಾಗಲಿ, ಮುಡೇಠಾದ ರಜಪೂತ ತರುಣನದಾಗಲಿ, ಐಕಳದ ಕೋಣ ಓಡಿಸುವವನದಾಗಲಿ, ಅಳತೆಗೋಲು ಒಂದೇ. ವಿಚಾರಿಸದೆ ದೂರಿದರೆ ಅದು ನಿಂದೆ. ವಿಚಾರಿಸಿದ ಬಳಿಕವೂ ದೂರಬೇಕಾಗಿ ಬಂದರೆ ಅದು ವಿಮರ್ಶೆ. ತನ್ನ ಪ್ರಾಣವನ್ನು ಪ್ರತಿ ಓಟದಲ್ಲಿಯೂ ಒತ್ತೆಯಿಡುವ ಸವಾರನಿಗೆ ಅಷ್ಟು ವಿಮರ್ಶೆಯನ್ನಾದರೂ ನಾವು ಸಲ್ಲಿಸಲೇಬೇಕು.